ಎರಡನೆಯ ಆರ್ಡರು: ವಿಕೋಪದ ನಂತರದ ಮಗ್ಗ ಮತ್ತು ಫ್ಯಾಷನ್ ಉದ್ಯಮ



ಈ ದತ್ತಿ ಉಪನ್ಯಾಸ ಶುರು ಮಾಡುವ ಮೊದಲು 'ದತ್ತಿ' ಎಂಬ ಪದದ ಬಳಿ ಒಂದು ಕ್ಷಣ ನಿಲ್ಲುತ್ತೇನೆ. ದಾನವೂ ಕೊಡುವುದೇ, ದತ್ತಿಯೂ ಕೊಡುವುದೇ. ಆದರೆ ದಾನ ಕೊಟ್ಟ ದಿನಕ್ಕೆ ಮುಗಿಯುತ್ತದೆ. ದತ್ತಿಯಲ್ಲಿ ಅಸಲು ಹಾಗೇ ಉಳಿದು, ಅದರ ಬಡ್ಡಿಯಲ್ಲಿ ವರ್ಷ ವರ್ಷವೂ ಒಂದು ಕೆಲಸ ನಡೆಯುತ್ತದೆ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ವ್ಯತ್ಯಾಸದ ಸುತ್ತಲೇ ಇದೆ. ನೆರೆ ಬಂದಾಗ, ಭೂಮಿ ನಡುಗಿದಾಗ, ಸಣ್ಣ ನೇಕಾರನಿಗೂ ಮುದ್ರಕನಿಗೂ ಹೊಲಿಗೆಯವಳಿಗೂ ಫ್ಯಾಷನ್ ಉದ್ಯಮ ನೆರವಾಗುವುದುಂಟು. ಆ ನೆರವು ದಾನದ ಬಗೆಯದೋ, ದತ್ತಿಯ ಬಗೆಯದೋ?

ವಿಷಯ ದೊಡ್ಡದು. ಹಾಗಾಗಿ ನನ್ನ ಮಾತಿಗೆ ನಾನೇ ಬೇಲಿ ಹಾಕಿಕೊಂಡಿದ್ದೇನೆ. ಮೂರು ಊರುಗಳಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ: ಕೇರಳದ ಚೇಂದಮಂಗಲಂ, ಗುಜರಾತಿನ ಕಚ್ಛ್ ಸೀಮೆ, ಜಪಾನಿನ ಕೆಸೆನ್ನುಮ. ಕೊನೆಗೆ ನಮ್ಮ ಮಲಪ್ರಭೆಯ ದಂಡೆಗೆ ಬರುತ್ತೇನೆ. 'ಫ್ಯಾಷನ್ ಉದ್ಯಮ' ಎಂದಾಗ ರ‍್ಯಾಂಪಿನ ಮೇಲೆ ನಡೆಯುವ ಚೆಲುವೆಯರು ಮಾತ್ರ ನಿಮ್ಮ ಕಣ್ಣಿಗೆ ಬರಬಾರದು. ವಿನ್ಯಾಸಕ, ಬಟ್ಟೆ ಅಂಗಡಿ, ಸಗಟು ವ್ಯಾಪಾರಿ, ರಫ್ತುದಾರ, ಕೊನೆಯಲ್ಲಿ ಕೊಳ್ಳುವ ನಾವು, ನೀವು ಎಲ್ಲರೂ ಅದರೊಳಗಿದ್ದೇವೆ.

ಮೊದಲನೆಯದಾಗಿ ಚೇಂದಮಂಗಲಂ.

ಎರ್ನಾಕುಲಂ ಜಿಲ್ಲೆಯ ಪರವೂರಿನ ಹತ್ತಿರ, ಪೆರಿಯಾರ್ ನದಿ ಕವಲೊಡೆದು ಹಿನ್ನೀರಿಗೆ ಸೇರುವ ಕಡೆ ಈ ಊರಿದೆ. ಕೊಚ್ಚಿ ರಾಜರಿಗೆ ತಲೆತಲಾಂತರ ಮಂತ್ರಿಗಳಾಗಿದ್ದ ಪಾಲಿಯಂ ಮನೆತನ ದೇವಾಂಗ ನೇಕಾರರನ್ನು ಕರೆಸಿ ಇಲ್ಲಿ ನೆಲೆಗೊಳಿಸಿತು ಎನ್ನುತ್ತಾರೆ. ದೇವಾಂಗ ಎಂದೊಡನೆ ನಮ್ಮ ಕಿವಿ ನಿಮಿರುವುದು ಸಹಜ. ತೃಶ್ಶೂರು ಜಿಲ್ಲೆಯ ಕುತ್ತಾಂಪುಳ್ಳಿಯಲ್ಲಂತೂ ಮೈಸೂರು ಸೀಮೆಯಿಂದ ಬಂದವರೆಂದು ಹೇಳಿಕೊಳ್ಳುವ ದೇವಾಂಗರು ಈಗಲೂ ಮನೆಯೊಳಗೆ ಒಂದು ಬಗೆಯ ಕನ್ನಡ ಆಡುತ್ತಾರೆ. ಚೇಂದಮಂಗಲಂನಲ್ಲಿ ಈಗ ನೇಯುವವರು ಆ ಒಂದೇ ಸಮುದಾಯದವರಲ್ಲ. ಹೆಚ್ಚಿನವರು ಹೆಂಗಸರು, ಅವರಲ್ಲೂ ವಯಸ್ಸಾದವರು. ಸಣ್ಣ ನೂಲಿನ ಮುಂಡು, ಸೆಟ್ ಮುಂಡು, ಹುಣಸೆ ಎಲೆಯಷ್ಟು ಸಪೂರವಾದ ಕಪ್ಪಂಚಿನ 'ಪುಳಿಯಿಲಕ್ಕರ' ಅವರ ಹೆಗ್ಗುರುತು. ಆ ಬಟ್ಟೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

2018ರ ಆಗಸ್ಟ್ ಮಧ್ಯದಲ್ಲಿ ಕೇರಳದ ಮೇಲೆ ಸುರಿದ ಮಳೆ ನಿಮಗೆ ನೆನಪಿರಬಹುದು. ಅಣೆಕಟ್ಟುಗಳ ಬಾಗಿಲುಗಳನ್ನು ಒಂದರ ಹಿಂದೊಂದು ತೆರೆಯಬೇಕಾಯಿತು. ಪೆರಿಯಾರ್ ಉಕ್ಕಿದ್ದರಿಂದ ಕೊಚ್ಚಿಯ ವಿಮಾನ ನಿಲ್ದಾಣವನ್ನೇ ಎರಡು ವಾರ ಮುಚ್ಚಿದರು. ಆ ವರ್ಷದ ತಿರುವೋಣ ಆಗಸ್ಟ್ 25ಕ್ಕೆ ಬಿದ್ದಿತ್ತು. ಈ ಎರಡು ತಾರೀಕುಗಳ ನಡುವಿನ ಹತ್ತು ದಿನಗಳಲ್ಲಿಯೇ ಚೇಂದಮಂಗಲಂನ ಇಡೀ ಕಥೆ ಇದೆ.

ಓಣಂಗೆ ಹೊಸ ಬಟ್ಟೆ ಕೊಡುವುದು ಮಲಯಾಳಿಗಳ ರೂಢಿ, ಅದಕ್ಕೆ 'ಓಣಕ್ಕೋಡಿ' ಎಂಬ ಹೆಸರೇ ಇದೆ. ಕೇರಳದ ನೇಕಾರ ಸಂಘಗಳು ವರ್ಷದಲ್ಲಿ ಹೆಚ್ಚು ಮಾರುವುದು ಆ ಹಬ್ಬದ ಮುಂದಿನ ದಿನಗಳಲ್ಲಿ. ಅದಕ್ಕಾಗಿ ತಿಂಗಳುಗಟ್ಟಲೆ ಮೊದಲೇ ಸಾಲ ಮಾಡಿ ನೂಲು ತರುತ್ತಾರೆ, ನೇಯಿಸುತ್ತಾರೆ, ಮಡಿಚಿ ಗೋದಾಮಿನಲ್ಲಿ ಪೇರಿಸುತ್ತಾರೆ. ಹಬ್ಬದ ಮಾರಾಟದಲ್ಲಿ ಸಾಲ ತೀರಿ, ಮುಂದಿನ ನೂಲಿಗೆ ದುಡ್ಡು ಹುಟ್ಟಬೇಕು. ನೀರು ಬಂದದ್ದು ಬಟ್ಟೆ ಎಲ್ಲ ತಯಾರಾಗಿ, ಒಂದೂ ಮಾರಾಟವಾಗದೆ ಕೂತಿದ್ದ ಗಳಿಗೆಯಲ್ಲಿ. ಎರಡು ತಿಂಗಳು ಮೊದಲು ಬಂದಿದ್ದರೆ ನೂಲು ಮಾತ್ರ ಹೋಗುತ್ತಿತ್ತು. ಹದಿನೈದು ದಿನ ತಡವಾಗಿ ಬಂದಿದ್ದರೆ ಕೈಗೆ ಕಾಸು ಬಂದಿರುತ್ತಿತ್ತು.

ನೀರಿಳಿದ ಮೇಲೆ ನೋಡಿದರೆ ಮಗ್ಗದ ಮರ ಉಬ್ಬಿ ಬಿರುಕುಬಿಟ್ಟಿತ್ತು. ಹಣಿಗೆಗೆ ತುಕ್ಕು ಹಿಡಿದಿತ್ತು. ಮಗ್ಗದ ಮೇಲಿದ್ದ ಹಾಸು ಕೆಸರಿನಲ್ಲಿ ಗಟ್ಟಿಯಾಗಿತ್ತು. ಬಿಳಿ ಮುಂಡುಗಳ ಮೇಲೆ ಕೆಸರಿನ ಕಲೆ. ಬಿಳಿ ಬಟ್ಟೆಯ ನೇಕಾರನಿಗೆ ಕಲೆ ಎಂದರೆ ಬಟ್ಟೆ ಸತ್ತಂತೆಯೇ. ಪರಿಹಾರದ ಫಾರಂಗಳಲ್ಲಿ ಮನೆಗೆ ಒಂದು ಕಾಲಂ ಇರುತ್ತದೆ, ದನಕ್ಕೆ ಒಂದು, ಬೆಳೆಗೆ ಒಂದು. ಕಳೆದುಹೋದ ಹಬ್ಬಕ್ಕೆ ಕಾಲಂ ಇರುವುದಿಲ್ಲ.

ಆ ಕಲೆಯ ಬಟ್ಟೆಯಿಂದಲೇ ಒಂದು ಗೊಂಬೆ ಹುಟ್ಟಿತು, ಹೆಸರು ಚೇಕುಟ್ಟಿ. ಕೊಚ್ಚಿಯ ವಿನ್ಯಾಸಕಿ ಲಕ್ಷ್ಮಿ ಮೆನನ್ ಮತ್ತು ಪ್ರವಾಸೋದ್ಯಮದಲ್ಲಿದ್ದ ಗೋಪಿನಾಥ್ ಪಾರಯಿಲ್ ಇಬ್ಬರೂ ಸೇರಿ, ಸುಡಬೇಕೆಂದಿದ್ದ ಬಟ್ಟೆಯನ್ನು ಸಂಘದಿಂದ ತಂದು, ಕ್ಲೋರಿನ್ ಹಾಕಿ, ಕುದಿಸಿ, ತುಂಡರಿಸಿ, ಗಂಟು ಹಾಕಿ ಹೆಬ್ಬೆರಳಿನಷ್ಟು ದೊಡ್ಡ ಗೊಂಬೆ ಮಾಡಿಸಿದರು. ಮಲಯಾಳದಲ್ಲಿ 'ಚೇರ್' ಎಂದರೆ ಕೆಸರು. ಕೆಸರಿನಲ್ಲಿ ಬದುಕುಳಿದ ಮಗು ಎಂದು ಆ ಹೆಸರಿಗೆ ಅರ್ಥ ಹಚ್ಚಿದರು. ಚೇಂದಮಂಗಲಂನ ಮಗು ಎಂದೂ ಆಗುತ್ತದೆ. ಗೊಂಬೆಯ ಮೈಮೇಲಿನ ಕಲೆಯನ್ನು ಅವರು ಮುಚ್ಚಲಿಲ್ಲ.

ಇದರ ಲೆಕ್ಕ ಕೇಳಿ. ಸುಮಾರು 1,300 ರೂಪಾಯಿಗೆ ಮಾರಬೇಕಿದ್ದ ಒಂದು ಸೀರೆಯಿಂದ 360 ಗೊಂಬೆಗಳಾಗುತ್ತಿದ್ದವು. ಒಂದು ಗೊಂಬೆಗೆ 25 ರೂಪಾಯಿ. ಅಂದರೆ ಹಾಳಾದ ಸೀರೆಗೆ 9,000 ರೂಪಾಯಿ. ಕೈಗೂಲಿ? ಅದು ಊರೂರಿನ ಸ್ವಯಂಸೇವಕರದು. ಶಾಲೆಗಳಲ್ಲಿ, ಕಂಪನಿಗಳಲ್ಲಿ, ಬೆಂಗಳೂರಿನಲ್ಲಿ ಕೂಡ, ಜನ ಕೂತು ಗಂಟು ಹಾಕಿದರು. ಚೀಲಕ್ಕೆ, ಕಾರಿನ ಕನ್ನಡಿಗೆ ಚೇಕುಟ್ಟಿ ತೂಗಿತು. ಜಾಣತನವೂ ಕರುಣೆಯೂ ಕೂಡಿದ ಇಂಥ ಉಪಾಯ ನಮ್ಮ ಕಾಲದಲ್ಲಿ ಅಪರೂಪ. ನಾನೂ ಎರಡು ಗೊಂಬೆ ಕೊಂಡೆ.

ಮರುವರ್ಷ ಚೇಂದಮಂಗಲಂನ ಮುಂಡನ್ನು ಕೊಂಡೆನೇ ಎಂದು ಕೇಳಿದರೆ, ಇಲ್ಲ. ಈ ತಪ್ಪೊಪ್ಪಿಗೆಯನ್ನು ತುಂಬಿದ ಸಭೆಯಲ್ಲಿ ಮಾಡಲು ಕಾರಣವಿದೆ. ಗೊಂಬೆ ಮಾಡಲು ಮಗ್ಗ ಬೇಡ. ಹಾಳಾದ ಬಟ್ಟೆ ಮುಗಿಯಿತೆಂದರೆ ಗೊಂಬೆಯೂ ಮುಗಿಯಿತು. ಚೇಕುಟ್ಟಿ ಹಳೆಯ ನಷ್ಟವನ್ನು ಕಾಸಾಗಿಸಿತು, ಸಾಲದ ಭಾರ ಇಳಿಸಿತು, ಊರಿನ ಹೆಸರನ್ನು ದೇಶದ ಬಾಯಿಗೆ ಹಾಕಿತು. ಲಾಳಿ ಮತ್ತೆ ಓಡಲು ಬೇಕಾದದ್ದು ಬೇರೆ.

ಅದನ್ನು ಹುಡುಕಿದವರೂ ಅದೇ ಊರಿನಲ್ಲಿ ಕೆಲಸ ಮಾಡಿದರು. ನೆರೆಯ ನಂತರ ರಮೇಶ್ ಮೆನನ್ ಕಟ್ಟಿದ 'ಸೇವ್ ದಿ ಲೂಮ್' ಸಂಸ್ಥೆ ಮಗ್ಗಗಳನ್ನು ರಿಪೇರಿ ಮಾಡಿಸುವುದರೊಂದಿಗೆ ಆರಂಭಿಸಿ, ನಂತರ ಒಂದು ಸೊಗಸಾದ ಪ್ರಶ್ನೆ ಕೇಳಿತು: ಓಣಂ ಇಲ್ಲದಾಗಲೂ ಈ ಬಟ್ಟೆ ಯಾರಿಗೆ ಬೇಕು? ಉತ್ತರ ಸಿಕ್ಕಿದ್ದು ನ್ಯಾಯಾಲಯದಲ್ಲಿ. ವಕೀಲರು ವರ್ಷವಿಡೀ ಕಪ್ಪು ಬಿಳುಪು ಉಡಬೇಕು. ಕರಾವಳಿಯ ಸೆಕೆಯಲ್ಲಿ ಪಾಲಿಯೆಸ್ಟರಿನ ಕಪ್ಪು ಕೋಟು ಹಾಕಿ ನಿಲ್ಲುವವರ ಪಾಡು ಮಂಗಳೂರಿನ ವಕೀಲರನ್ನು ಕೇಳಿದರೂ ತಿಳಿದೀತು. ಚೇಂದಮಂಗಲಂನ ನೇಕಾರರಿಗೆ ಬಿಳಿ ಒಡಲು, ಕಪ್ಪಂಚು ಹೊಸತೇನಲ್ಲ. ಹೀಗೆ ಮಹಿಳಾ ವಕೀಲರಿಗಾಗಿ 'ವಿಧಿ' ಎಂಬ ಕೈಮಗ್ಗದ ಉಡುಪುಗಳು ಬಂದವು. ಕೊಚ್ಚಿಯ ಕೆಲವು ವಿನ್ಯಾಸಕರು, ಅವರಲ್ಲಿ 'ರೌಕ' ಲೇಬಲ್ಲಿನ ಶ್ರೀಜಿತ್ ಜೀವನ್ ಅವರೂ ಒಬ್ಬರು, ಇದೇ ಬಟ್ಟೆಯಿಂದ ಮುಂಡಲ್ಲದ ಉಡುಪುಗಳನ್ನು ಹೊಲಿಸಿದರು.

ಇದರಲ್ಲಿ ವಿನ್ಯಾಸಕರ ಪಾತ್ರ ಏನೆಂದು ವಿದ್ಯಾರ್ಥಿಗಳು ಗಮನಿಸಬೇಕು. ಅವರು ನೇಕಾರರಿಗೆ ನೇಯಲು ಕಲಿಸಲಿಲ್ಲ, ಕಲಿಸಬೇಕಾಗಿಯೂ ಇರಲಿಲ್ಲ. ಅವರು ಹುಡುಕಿಕೊಟ್ಟದ್ದು ಮತ್ತೊಂದು ಋತುವನ್ನು. ಒಂದೇ ಹಬ್ಬಕ್ಕೆ ನೇತುಬಿದ್ದ ಊರನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಮುಂದಿನ ನೆರೆ ಬಂದಾಗ ಗೋದಾಮಿನಲ್ಲಿ ಮುಳುಗುವುದು ಒಂದು ತಿಂಗಳ ಬಟ್ಟೆ ಮಾತ್ರ. ಪತ್ರಿಕೆಗಳಲ್ಲಿ ಗೊಂಬೆಗೆ ಸಿಕ್ಕಷ್ಟು ಜಾಗ ವಕೀಲರ ಉಡುಪಿಗೆ ಸಿಗಲಿಲ್ಲ. ಅದು ಪತ್ರಿಕೆಗಳ ಸ್ವಭಾವ, ಬಿಡಿ.

ಇನ್ನು ಎರಡನೆಯ ಊರಿಗೆ, ಕಚ್ಛ್‌ಗೆ ಹೋಗೋಣ. ಇಲ್ಲಿ ಸ್ವಲ್ಪ ಹಿಂದಿನಿಂದ ಬರಬೇಕು.

1969ರಲ್ಲಿ ಕಚ್ಛ್‌ನಲ್ಲಿ ಬರಗಾಲ. ಮುಂಬಯಿಯಿಂದ ಚಂದಾ ಶ್ರಾಫ್ ಎಂಬವರು ಬರ ಪರಿಹಾರಕ್ಕೆಂದು ಧಾಣೇಟಿ ಎಂಬ ಹಳ್ಳಿಗೆ ಬಂದರು. ಅಲ್ಲಿಯ ಹೆಂಗಸರು ಬಿಟ್ಟಿ ಅನ್ನಕ್ಕೆ ಕೈಯೊಡ್ಡಲು ಹಿಂಜರಿದರು. ಆದರೆ ಅವರು ಉಟ್ಟದ್ದರ ಮೇಲೆಲ್ಲ ಕಸೂತಿ ಇತ್ತು. ಚಂದಾ ಅವರು ಸೀರೆಗಳನ್ನು ತಂದು ಕಸೂತಿ ಹಾಕಿಸಿ, ಮುಂಬಯಿಯಲ್ಲಿ ಮಾರಿ, ದುಡ್ಡು ತಂದು ಕೊಟ್ಟರು. ಹಾಗೆ ಹುಟ್ಟಿದ ಸಂಸ್ಥೆ 'ಶ್ರುಜನ್'. ಇದರ ಜೊತೆಗೆ, 1970ರ ದಶಕದಲ್ಲಿ ಗುಜರಾತ್ ಸರ್ಕಾರದ 'ಗುರ್ಜರಿ' ಮಳಿಗೆಯವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ತರುಣರೊಂದಿಗೆ ಹಳ್ಳಿಹಳ್ಳಿ ತಿರುಗಿ ಅಜರಖ್ ಎಂಬ ಅಚ್ಚು ಬಟ್ಟೆಯ ಮುದ್ರಕರನ್ನೂ ನೇಕಾರರನ್ನೂ ನಗರದ ಗಿರಾಕಿಗೆ ಜೋಡಿಸಿದ್ದರು. ಧಮಡಕಾ ಹಳ್ಳಿಯ ಮುದ್ರಕ ಮೊಹಮ್ಮದ್ ಸಿದ್ದಿಕ್ ಖತ್ರಿ ಅವರು ಸಹಜ ಬಣ್ಣಗಳಿಗೆ ಮರಳಿದ್ದೂ ಆ ಕಾಲದಲ್ಲೇ.

ಈ ಹಿನ್ನೆಲೆ ಮುಖ್ಯ. 2001ರ ಜನವರಿ 26ರ ಬೆಳಿಗ್ಗೆ ಭೂಮಿ ನಡುಗಿ 20 ಸಾವಿರಕ್ಕೆ ಹತ್ತಿರ ಜೀವಗಳು ಹೋದಾಗ, ಕಚ್ಛ್‌ನ ಕುಶಲಕರ್ಮಿಗಳಿಗೆ ಮೂವತ್ತು ವರ್ಷದಿಂದ ಬಂದ ಗಿರಾಕಿಗಳಿದ್ದರು. ದೆಹಲಿಯ ಅಂಗಡಿಯವರಿಗೆ, ಹೊರದೇಶದ ಬಟ್ಟೆ ವ್ಯಾಪಾರಿಗಳಿಗೆ ಆ ಊರುಗಳ ಹಾದಿ ಗೊತ್ತಿತ್ತು, ಯಾರ ಮನೆಯಲ್ಲಿ ಯಾರಿದ್ದಾರೆಂದು ಗೊತ್ತಿತ್ತು. ವಿಕೋಪದ ಮರುದಿನ ಗೆಳೆತನ ಬೆಳೆಸಲು ಹೋದರೆ ಪರಿಹಾರದ ಕಂಬಳಿ ಕೊಟ್ಟು ಬರಬಹುದು, ಅಷ್ಟೇ. ಆರ್ಡರು ಕೊಡುವ ಸಂಬಂಧಕ್ಕೆ ಬೇರೆಯೇ ವಯಸ್ಸು ಬೇಕು.

ಧಮಡಕಾದ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ್ದು ಮನೆ ಬಿದ್ದದ್ದಲ್ಲ, ನೀರು ಕೆಟ್ಟದ್ದು. ಅಜರಖ್ ಎಂದರೆ ನೀರಿನ ಕಸುಬು. ಬಟ್ಟೆಯನ್ನು ಒಗೆದು, ಅಳಲೆಕಾಯಿಯ ಒಗರು ಕುಡಿಸಿ, ಅಚ್ಚೊತ್ತಿ, ನೀಲಿಯಲ್ಲಿ ಅದ್ದಿ, ಕೆಂಪಿನಲ್ಲಿ ಕುದಿಸಿ, ನಡುನಡುವೆ ಹರಿಯುವ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಬೇಕು. ಸಿಂಧ್‌ನಿಂದ ಬಂದ ಖತ್ರಿ ಮುದ್ರಕರು ನೂರಾರು ವರ್ಷ ಹಿಂದೆ ಆ ಜಾಗ ಆರಿಸಿದ್ದೇ ನದಿಗಾಗಿ. ಆ ನದಿ ಮೊದಲೇ ಬತ್ತಿತ್ತು. ಭೂಕಂಪದ ನಂತರ ಅಂತರ್ಜಲದಲ್ಲಿ ಕಬ್ಬಿಣದ ಅಂಶ ಏರಿತು. ಕಬ್ಬಿಣ ಹೆಚ್ಚಾದರೆ ಕೆಂಪು ಮಂಕಾಗುತ್ತದೆ. ಮನೆಯನ್ನು ಅಲ್ಲೇ ಕಟ್ಟಬಹುದಿತ್ತು, ಕೆಂಪನ್ನು ಅಲ್ಲಿ ಕಟ್ಟುವಂತಿರಲಿಲ್ಲ.

ಇಸ್ಮಾಯಿಲ್ ಮೊಹಮ್ಮದ್ ಖತ್ರಿ ಮೊದಲಾದವರು ಮುಂದೆ ನಿಂತು, ಭುಜ್‌ಗೆ ಸಮೀಪ ನೀರು ನೋಡಿ ಜಮೀನು ಕೊಂಡು, ಹೊಸ ಊರನ್ನೇ ಕಟ್ಟಿದರು. ಅದಕ್ಕೆ ತಮ್ಮ ಬಟ್ಟೆಯ ಹೆಸರನ್ನೇ ಇಟ್ಟರು: ಅಜರಖ್‌ಪುರ. ಪರಿಹಾರದ ಯೋಜನೆಗಳು ಸಾಮಾನ್ಯವಾಗಿ ಸಾಲುಮನೆ ಕಟ್ಟಿಸಿ ಕೀಲಿಕೈ ಕೊಡುತ್ತವೆ. ಇಲ್ಲಿ ಊರಿನ ಜಾಗವನ್ನು ನಿರ್ಧರಿಸಿದ್ದು ಬಣ್ಣದ ತೊಟ್ಟಿ. ಹಳೆಯ ಗಿರಾಕಿಗಳು ಅವರನ್ನು ಹಿಂಬಾಲಿಸಿ ಹೊಸ ಊರಿಗೂ ಬಂದರು. ಕೆಲವರು ಧಮಡಕಾದಲ್ಲೇ ಉಳಿದು ಕಸುಬು ಮುಂದುವರಿಸಿದರು ಎಂಬುದನ್ನೂ ಹೇಳಬೇಕು.

ಭೂಕಂಪದ ನಂತರ ಹಣ ಹರಿದುಬಂದಷ್ಟೂ ದಿನ ಕಚ್ಛ್‌ನ ವಸ್ತುಗಳಿಗೆ ಅನುಕಂಪದ ಮಾರುಕಟ್ಟೆ ಇತ್ತು. ಅದು ಇಳಿಯುತ್ತದೆಂದು ತಿಳಿದವರು 2005ರಲ್ಲಿ ಎರಡು ಕೆಲಸ ಮಾಡಿದರು. ಭುಜ್ ಬಳಿಯ ಕುಕ್ಮಾದಲ್ಲಿ 'ಖಮೀರ್' ಎಂಬ ಕರಕುಶಲ ಸಂಸ್ಥೆ ಆರಂಭವಾಯಿತು. ಅದೇ ವರ್ಷ ಜೂಡಿ ಫ್ರೇಟರ್ ಅವರ 'ಕಲಾ ರಕ್ಷಾ ವಿದ್ಯಾಲಯ' ಕುಶಲಕರ್ಮಿಗಳಿಗೇ ವಿನ್ಯಾಸ ಕಲಿಸಲು ಬಾಗಿಲು ತೆರೆಯಿತು. ನಗರದ ವಿನ್ಯಾಸಕ ಬಂದು ಚಿತ್ರ ಕೊಟ್ಟು ಹೋಗುವ ಪದ್ಧತಿಗೆ ಇದು ಬೇರೆಯೇ ಉತ್ತರ. ಚಿತ್ರ ಬರೆಯುವವನೂ ನೇಯುವವನೂ ಒಬ್ಬನೇ ಆದರೆ ಬೆಲೆ ಹೇಳುವ ದನಿ ಬದಲಾಗುತ್ತದೆ.

ಖಮೀರ್ ಕೈಹಾಕಿದ್ದು ಇನ್ನೂ ಬುಡಕ್ಕೆ. ಕಚ್ಛ್‌ನಲ್ಲಿ ಮಳೆಯ ನೀರಿನಲ್ಲೇ ಬೆಳೆಯುವ 'ಕಾಲಾ' ಎಂಬ ದೇಸಿ ಹತ್ತಿಯಿದೆ. ಎಳೆ ಗಿಡ್ಡ, ಮಿಲ್ಲಿಗೆ ಬೇಡವಾದದ್ದು. ನಮ್ಮ ಧಾರವಾಡ, ಗದಗ ಸೀಮೆಯ ಜಯಧರ್ ಹತ್ತಿಯೂ ಇದೇ ಕುಲದ್ದು ಎಂದರೆ ಉತ್ತರ ಕರ್ನಾಟಕದ ಕೇಳುಗರಿಗೆ ಕಣ್ಣಿಗೆ ಕಟ್ಟೀತು. ಆ ಗಿಡ್ಡ ಎಳೆಯನ್ನು ನೂತು, ಭುಜೋಡಿಯಂಥ ಊರುಗಳ ನೇಕಾರರಿಂದ ನೇಯಿಸಿದರು. ಉಣ್ಣೆಯ ಶಾಲನ್ನೇ ನಂಬಿದ್ದವರಿಗೆ ಬೇಸಿಗೆಗೂ ಒಂದು ಬಟ್ಟೆ ಸಿಕ್ಕಿತು. ದೊಡ್ಡ ನಗರಗಳ ವಿನ್ಯಾಸಕರು ಅದನ್ನು ಕೊಳ್ಳಲು ಶುರುಮಾಡಿದ ಮೇಲೆ ರೈತನ ಹೊಲದವರೆಗೆ ಆ ಆರ್ಡರು ಮುಟ್ಟಿತು.

ಎಲ್ಲವೂ ಸುಖಾಂತವೆಂದು ತಿಳಿಯಬೇಡಿ. ಹೆಸರು ಬಂದ ಹಿಂದೆಯೇ ನಕಲು ಬಂತು. ಪವರ್‌ಲೂಮಿನಲ್ಲಿ ನೇಯ್ದ 'ಭುಜೋಡಿ ಶಾಲು', ಸ್ಕ್ರೀನ್ ಪ್ರಿಂಟಿನ 'ಅಜರಖ್' ಇಂದು ಬೆಂಗಳೂರಿನ ಫುಟ್‌ಪಾತಿನಲ್ಲೂ ಸಿಗುತ್ತವೆ. ಫ್ಯಾಷನ್ ಒಂದು ಕೈಯಲ್ಲಿ ಎತ್ತುತ್ತದೆ, ಇನ್ನೊಂದು ಕೈಯಲ್ಲಿ ಅಗ್ಗ ಮಾಡುತ್ತದೆ.

ಮೂರನೆಯ ಊರು ಕೆಸೆನ್ನುಮ. ಇಲ್ಲಿ ಬೇಗ ಮುಗಿಸುತ್ತೇನೆ. ಜಪಾನಿನ ಈಶಾನ್ಯ ಕರಾವಳಿಯ ಈ ಮೀನುಗಾರರ ಪಟ್ಟಣವನ್ನು 2011ರ ಮಾರ್ಚ್ 11ರ ಸುನಾಮಿ ಬಳಿದುಕೊಂಡು ಹೋಯಿತು. ಅಲ್ಲಿ ಒಯಿಕವಾ ಡೆನಿಮ್ ಎಂಬ ಸಣ್ಣ ಜೀನ್ಸ್ ಕಾರ್ಖಾನೆ ಇತ್ತು. ಗೋದಾಮು ಸಮುದ್ರ ಪಾಲಾಯಿತು. ದಿಬ್ಬದ ಮೇಲಿದ್ದ ಕಾರ್ಖಾನೆ ಉಳಿದು ನಿರಾಶ್ರಿತರ ಬಿಡಾರವಾಯಿತು. ಕೆಲ ವಾರಗಳ ಬಳಿಕ ಅವಶೇಷಗಳ ನಡುವೆ ಅವರದೇ ಒಂದು ಜೀನ್ಸ್ ಸಿಕ್ಕಿತು, ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಅಷ್ಟರಲ್ಲಾಗಲೇ ಅವರು ಜನರೇಟರ್ ಇಟ್ಟು ಕೆಲಸ ಶುರುಮಾಡಿದ್ದರು. ಮುಂದೆ ಮೀನುಗಾರರು ಎಸೆಯುತ್ತಿದ್ದ ಕತ್ತಿಮೀನಿನ ಮೂತಿಯನ್ನು ಪುಡಿಮಾಡಿ ನೂಲಿಗೆ ಬೆರೆಸಿ ಡೆನಿಮ್ ತಯಾರಿಸಿದರು. ನೆರೆಮನೆಯ ಕಸುಬಿನ ಕಸ ತಮ್ಮ ಕಸುಬಿಗೆ ಕಚ್ಚಾಮಾಲಾಯಿತು.

ಅದೇ ಊರಿನಲ್ಲಿ 2012ರಲ್ಲಿ ತಮಾಕೊ ಮಿತರಾಯ್ ಎಂಬ ತರುಣಿ 'ಕೆಸೆನ್ನುಮ ನಿಟ್ಟಿಂಗ್' ಆರಂಭಿಸಿದರು. ಊರಿನ ಹೆಂಗಸರು ಕೈಯಲ್ಲಿ ಹೆಣೆಯುವ ಉಣ್ಣೆಯ ಕಾರ್ಡಿಗನ್. ಅದಕ್ಕೆ ಅವರು ಇಟ್ಟ ಬೆಲೆ ಸುಮಾರು ಒಂದೂವರೆ ಲಕ್ಷ ಯೆನ್! ಗಿರಾಕಿಯ ಅಳತೆ ತೆಗೆದುಕೊಂಡು ಹೆಣೆಯುವುದರಿಂದ ಕಾಯಬೇಕು. ಜನ ಕಾದರು. ಅಷ್ಟು ದುಡ್ಡನ್ನು ಮರುಕದಿಂದ ಒಮ್ಮೆ ಕೊಡಬಹುದು. ಸರದಿಯಲ್ಲಿ ನಿಂತು ಕೊಡಬೇಕಾದರೆ ಆ ಕಾರ್ಡಿಗನ್ ಮೈಮೇಲೆ ಚೆನ್ನಾಗಿ ಕೂರಬೇಕು. ನಮ್ಮ ಸಂತ್ರಸ್ತರ ಮೇಳಗಳಲ್ಲಿ 'ಪಾಪ, ನೆರೆಗೆ ಸಿಕ್ಕವರು' ಎಂದು ಹೇಳುತ್ತಲೇ ಹತ್ತು ರೂಪಾಯಿ ಚೌಕಾಸಿ ಮಾಡುವವರನ್ನು ನೋಡಿದಾಗಲೆಲ್ಲ ನನಗೆ ಆ ಬೆಲೆಚೀಟಿ ನೆನಪಾಗುತ್ತದೆ.

ಇಲ್ಲಿಯವರೆಗೆ ಉದ್ಯಮದ ಒಳ್ಳೆಯ ಮುಖವನ್ನೇ ಹೇಳಿದೆ. ಇನ್ನೊಂದನ್ನು ಹೇಳದೆ ಹೋದರೆ ಅಪ್ರಾಮಾಣಿಕತೆಯಾಗುತ್ತದೆ. 2020ರ ವಸಂತದಲ್ಲಿ ಕೋವಿಡ್ ಸೋಂಕು ಹರಡಿದಾಗ ಬಾಂಗ್ಲಾದೇಶದ ಗಾರ್ಮೆಂಟ್ ಕಾರ್ಖಾನೆಗಳು 300 ಕೋಟಿ ಡಾಲರಿಗೂ ಮೀರಿದ ಆರ್ಡರುಗಳು ರದ್ದಾದವು ಅಥವಾ ತಡೆಹಿಡಿಯಲ್ಪಟ್ಟವು ಎಂದು ಲೆಕ್ಕ ಕೊಟ್ಟವು. ಬಟ್ಟೆ ಕತ್ತರಿಸಿಯಾಗಿತ್ತು, ಕೆಲವೆಡೆ ಹೊಲಿದೂ ಆಗಿತ್ತು. ಕಷ್ಟ ಬಂದಾಗ ನಷ್ಟ ಯಾರ ತಲೆಗೆ ಎನ್ನುವುದನ್ನು ಕರುಣೆಯ ಜಾಹೀರಾತಿನಲ್ಲಿ ಹುಡುಕಬೇಡಿ, ಖರೀದಿ ಕರಾರಿನ ಸಣ್ಣ ಅಕ್ಷರಗಳಲ್ಲಿ ಹುಡುಕಿ.

ಈಗ ಕೊನೆಯದಾಗಿ ನಮ್ಮ ಮನೆಯ ವಿಷಯ.

2019ರಲ್ಲಿ ನಾಗರಪಂಚಮಿ ಆಗಸ್ಟ್ 5ಕ್ಕೆ ಬಂತು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಪಂಚಮಿ ಎಂದರೆ ತವರು, ಉಂಡಿ, ಜೋಕಾಲಿ. ಅದೇ ವಾರ ಮಲಪ್ರಭೆ ಉಕ್ಕಿದಳು. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ರಾಮದುರ್ಗವನ್ನು ಹೊಕ್ಕಿತು. ರಾಮದುರ್ಗ, ಸುರೇಬಾನ, ಮನಿಹಾಳ ನೇಕಾರಿಕೆಯ ಊರುಗಳು. ಕುಣಿಮಗ್ಗದ ಕುಣಿಯಲ್ಲಿ ಕೆಸರು ತುಂಬಿತು. ಪವರ್‌ಲೂಮಿನ ಮೋಟಾರುಗಳು ನೀರು ಕುಡಿದವು. ಚೇಂದಮಂಗಲಂಗೂ ಇದಕ್ಕೂ ಅಂತರ ಒಂದೇ ವರ್ಷ. ಆದರೆ ಚೇಕುಟ್ಟಿಯಂಥ ಹೆಸರೊಂದು ಇಲ್ಲಿಂದ ನಮ್ಮ ಕಿವಿಗೆ ಬೀಳಲಿಲ್ಲ.

ಏಕೆ? ಬೆಂಗಳೂರಿನ ವಿನ್ಯಾಸಕರಿಗೆ ಕರುಣೆ ಕಡಿಮೆಯೆಂದು ನಾನು ಹೇಳಲಾರೆ. ಚೇಂದಮಂಗಲಂನ ಬಟ್ಟೆಗೆ ಊರಿನ ಹೆಸರಿತ್ತು, ಗುರುತಿನ ಅಂಚಿತ್ತು, ಗೋದಾಮಿನ ಬಟ್ಟೆ ಸಂಘದ್ದೇ ಆಗಿತ್ತು. ನಮ್ಮಲ್ಲಿ ಇಳಕಲ್ಲಿಗೆ, ಗುಳೇದಗುಡ್ಡದ ಖಣಕ್ಕೆ ಹೆಸರಿದೆ. ಆದರೆ ನಮ್ಮ ಬಹುಪಾಲು ನೇಕಾರರು ಸಾಹುಕಾರ ಕೊಟ್ಟ ನೂಲನ್ನು ನೇಯ್ದು ಮಜೂರಿ ಪಡೆಯುವವರು. ಇಲ್ಲವೇ ಕೈಮಗ್ಗ ಅಭಿವೃದ್ಧಿ ನಿಗಮಕ್ಕೆ ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆ ನೇಯುವವರು. ಲಕ್ಷಾಂತರ ಮಕ್ಕಳು ಅದನ್ನು ತೊಟ್ಟು ಶಾಲೆಗೆ ಹೋಗುತ್ತಾರೆ, ಯಾರು ನೇಯ್ದರೆಂದು ಆ ಬಟ್ಟೆಯ ಮೇಲೆ ಬರೆದಿರುವುದಿಲ್ಲ. ಹೆಸರಿಲ್ಲದ ಬಟ್ಟೆ ಮುಳುಗಿದರೆ ಅದರ ಕಥೆ ಹೇಳುವುದು ಎಲ್ಲಿಂದ? ಇನ್ನೊಂದು ತೊಡಕೂ ಇದೆ. ಮಜೂರಿಯ ಮಗ್ಗದ ಮೇಲಿದ್ದ ಹಾಸು ಕೊಳೆತರೆ ನಷ್ಟ ಸಾಹುಕಾರನದೋ ನೇಕಾರನದೋ? ಇದಕ್ಕೆ ಕಾಗದದ ಮೇಲೆ ಉತ್ತರವಿರುವುದಿಲ್ಲ. ಬಾಯಿಮಾತಿನಲ್ಲಿ ಉತ್ತರವಿರುತ್ತದೆ, ಅದು ಯಾರ ಪರವಾಗಿರುತ್ತದೆಂದು ಊಹಿಸಬಲ್ಲಿರಿ.

ಈ ಕಾಲೇಜಿನಲ್ಲಿ ವಸ್ತ್ರವಿನ್ಯಾಸ ಓದುವವರು ನನ್ನೆದುರು ಕೂತಿದ್ದೀರಿ. ನಾಳೆ ನಿಮ್ಮಲ್ಲಿ ಕೆಲವರು ಸ್ವಂತ ಲೇಬಲ್ ಆರಂಭಿಸುತ್ತೀರಿ, ರಾಮದುರ್ಗಕ್ಕೋ ಗುಳೇದಗುಡ್ಡಕ್ಕೋ ಆರ್ಡರು ಕೊಡುತ್ತೀರಿ. ಆ ಆರ್ಡರಿನ ಹಾಳೆಯಲ್ಲಿ ಕೆಲವು ಸಾಲು ಸೇರಿಸಬೇಕೆಂದು ನನ್ನ ಬಿನ್ನಹ. ನೂಲಿನ ದುಡ್ಡು ಮುಂಗಡ. ನೆರೆ ಬಂದರೆ ಎರಡು ತಿಂಗಳ ವಾಯಿದೆ, ದಂಡವಿಲ್ಲ. ಮಗ್ಗದ ಮೇಲಿದ್ದ ಹಾಸು ಹಾಳಾದರೆ ಅರ್ಧ ನಷ್ಟ ನಿಮ್ಮದು. ಬಟ್ಟೆಯ ಚೀಟಿಯ ಮೇಲೆ ಊರಿನ ಹೆಸರು. ಕೊನೆಯ ಸಾಲು, ಮುಂದಿನ ವರ್ಷದ ಆರ್ಡರಿನ ತಾರೀಕು.

ಇಷ್ಟರಿಂದ ನಿಮ್ಮ ಕುರ್ತಾದ ಬೆಲೆ ಏರುತ್ತದೆ ಎಂಬುದು ನನಗೂ ಗೊತ್ತು. ಎಷ್ಟು ಏರುತ್ತದೆಂದು ಲೆಕ್ಕ ಹಾಕಿ ನೋಡಿ. ಸಾಧ್ಯವಾದರೆ ಮಳೆಗಾಲಕ್ಕೆ ಮೊದಲು ರಾಮದುರ್ಗಕ್ಕೆ ಹೋಗಿ ಬನ್ನಿ, ಕುಣಿಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೋಡಿ. ಕುಣಿ ಇರುವುದು ನೆಲದಿಂದ ಕೆಳಗೆ. ಮನೆಗೆ ನೀರು ಹೊಸಿಲು ದಾಟಿ ಬಂದರೆ ಮೊದಲು ತುಂಬುವುದು ಅದೇ.